ಮೋಟಾರು ಸೈಕಲ್ಲಿನ ಸಮತೋಲಿತ ಹಾಗೂ ಅಸಮತೋಲಿತ ಎಂಜಿನುಗಳು : ಹುಬ್ಬಳ್ಳಿ-ಧಾರವಾಡ ದಾರಿಯ ದೃಷ್ಟಿಯಿಂದ ಒಂದು ವಿವೇಚನೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮೋಟಾರು ಸೈಕಲ್ಲಿಗೆ 'ಫಟಫಟಿ' ಎಂಬ ಹೆಸರುಂಟು. ಅನುಕರಣ ಶಬ್ದದಿಂದ ಹುಟ್ಟಿದ ಈ ಹೆಸರಿನಲ್ಲಿ ಒಂದು ಐತಿಹಾಸಿಕ ಸಾಕ್ಷ್ಯವು ಅಡಗಿದೆ. ಒಂದೊಂದು ಸ್ಫೋಟವೂ ಕಿವಿಗೆ ಬೇರೆಬೇರೆಯಾಗಿ ಕೇಳಬೇಕಾದರೆ ಎಂಜಿನು ಮಂದಗತಿಯದಾಗಿರಬೇಕು, ಸಿಲಿಂಡರುಗಳು ಒಂದೋ ಎರಡೋ ಇರಬೇಕು. ನಮ್ಮ ಜನರು ಮೊದಲು ಕಂಡ ಯಂತ್ರವು ಅಂಥದೇ ಆಗಿತ್ತೆಂಬುದನ್ನು ಈ ಹೆಸರು ಹೇಳುತ್ತದೆ. ಅಂಥ ಯಂತ್ರವು ಸದ್ದಿನೊಡನೆ ಕುಲುಕನ್ನೂ ತರುತ್ತಿತ್ತು. ಕುಲುಕನ್ನು ಎಂಜಿನಿನ ಒಳಗೇ ಅಡಗಿಸುವ ಉಪಾಯವುಳ್ಳ 'ಸಮತೋಲಿತ' ಎಂಜಿನುಗಳು ಈಚಿನ ವರ್ಷಗಳಲ್ಲಿ ನಮ್ಮ ರಸ್ತೆಗಳಲ್ಲಿ ಹೆಚ್ಚಾದ ಮೇಲೆ, ಹಳೆಯದು ಮೇಲೋ ಹೊಸದು ಮೇಲೋ ಎಂಬ ವಾದವು ಧಾರವಾಡದ ಚಹದಂಗಡಿಗಳಿಂದ ಹಿಡಿದು ಕಾಲೇಜಿನ ಅಂಗಳದವರೆಗೆ ಕೇಳಿಬರುತ್ತಿದೆ. ವಿಶೇಷವಾಗಿ, ಬೆನ್ನು ನೆಟ್ಟಗಿಟ್ಟು ಕಾಲು ಮುಂದೆ ಚಾಚಿ ದೂರದ ದಾರಿ ಸಾಗುವ 'ಕ್ರೂಸರ್' ಜಾತಿಯ ಗಾಡಿಯನ್ನು ಕೊಳ್ಳುವವರಿಗೆ ಈ ಪ್ರಶ್ನೆಯು ತಪ್ಪಿದ್ದಲ್ಲ.

ಈ ವಾದದಲ್ಲಿ ಎರಡು ಪಕ್ಷಗಳಿವೆ. ಸಮತೋಲನವೆಂಬುದು ವಿಜ್ಞಾನದ ಮುನ್ನಡೆ, ಅಸಮತೋಲಿತ ಎಂಜಿನು ಅಜ್ಞಾನದ ಕಾಲದ್ದು ಎಂಬುದು ಒಂದು. ಕುಲುಕೇ ಗಾಡಿಯ ಜೀವ, ಅದನ್ನು ತೆಗೆದವರು ಜೀವವನ್ನೇ ತೆಗೆದರು ಎಂಬುದು ಇನ್ನೊಂದು. ಇವೆರಡೂ ಇತಿಹಾಸದ ಒರೆಗಲ್ಲಿಗೆ ನಿಲ್ಲಲಾರವೆಂದು ನಾವು ಭಾವಿಸುತ್ತೇವೆ. ಸಮತೋಲನವು ಎಂಜಿನೊಂದರ ಗುಣವಲ್ಲ. ಎಂಜಿನು, ಅದನ್ನು ಹೊತ್ತ ಪೀಠ, ಆ ಪೀಠವು ಸಾಗುವ ದಾರಿ, ಈ ಮೂರರ ನಡುವಿನ ಒಪ್ಪಂದವದು. ದಾರಿ ಬದಲಾದಾಗ ಒಪ್ಪಂದವೂ ಬದಲಾಯಿತೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕುಲುಕಿನ ಕಾರಣವನ್ನು ತಿಳಿಯಬೇಕು. ಬೀಸುವ ಕಲ್ಲನ್ನೂ ಒನಕೆಯನ್ನೂ ನೆನೆದರೆ ಸಾಕು. ಬೀಸುವ ಕಲ್ಲು ಎಷ್ಟೇ ಭಾರವಾಗಿರಲಿ, ಗೂಟದ ಸುತ್ತ ಸಮನಾಗಿ ತಿರುಗುವುದರಿಂದ ನೆಲವನ್ನು ನಡುಗಿಸುವುದಿಲ್ಲ. ಒನಕೆಯಾದರೋ ಮೇಲೇರಿ ನಿಂತು, ಕೆಳಗಿಳಿದು ನಿಂತು, ಪ್ರತಿ ಸಲವೂ ತನ್ನ ದಿಕ್ಕನ್ನು ಬದಲಿಸುತ್ತದೆ. ಪಡಸಾಲೆಯ ನೆಲಕ್ಕೆ ಅದರ ಅರಿವಾಗುತ್ತದೆ. ಎಂಜಿನಿನಲ್ಲಿ ಕ್ರ್ಯಾಂಕು ಬೀಸುವ ಕಲ್ಲು, ಪಿಸ್ಟನ್ನು ಒನಕೆ. ಪಿಸ್ಟನ್ನು ಪ್ರತಿ ಸುತ್ತಿಗೂ ಎರಡು ಸಲ ನಿಂತು ಹೊರಳುತ್ತದೆ. ಹೊರಳಿಸುವ ಬಲದ ಪ್ರತಿಬಲವು ಎಂಜಿನಿನ ಪೆಟ್ಟಿಗೆಗೆ, ಅಲ್ಲಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಸವಾರನ ಅಂಗೈ ಅಂಗಾಲುಗಳಿಗೆ ತಲುಪುತ್ತದೆ.

ಈ ಬಲದ ಲೆಕ್ಕವು ಕಠಿಣವಾದುದಲ್ಲ. ನಮ್ಮಲ್ಲಿ ಬಹುಕಾಲ ಪ್ರಚಾರದಲ್ಲಿದ್ದ ಬುಲೆಟ್ ೩೫೦ ಗಾಡಿಯ ಸಿಲಿಂಡರಿನ ವ್ಯಾಸ ೭೦ ಮಿಲಿಮೀಟರು, ಪಿಸ್ಟನ್ನಿನ ಓಟ ೯೦ ಮಿಲಿಮೀಟರು. ಮುಖ್ಯ ಬಲವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಪಿಸ್ಟನ್ನಿನೊಡನೆ ಓಡಾಡುವ ಪ್ರತಿ ೧೦೦ ಗ್ರಾಂ ಭಾರವನ್ನು ಓಟದ ತುದಿಯಲ್ಲಿ ಹೊರಳಿಸಲು ನಿಮಿಷಕ್ಕೆ ೨೦೦೦ ಸುತ್ತಿನಲ್ಲಿ ಸುಮಾರು ೨೦ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ೪೦೦೦ ಸುತ್ತಿನಲ್ಲಿ ಸುಮಾರು ೮೦ ಕಿಲೋಗ್ರಾಂ ಬೇಕು. ವೇಗ ಇಮ್ಮಡಿಯಾದರೆ ಕುಲುಕು ನಾಲ್ಮಡಿಯಾಗುತ್ತದೆ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಿವೇಚನೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ಕ್ರ್ಯಾಂಕಿನ ಎದುರು ಬದಿಗೆ ಸಮನಾದ ತೂಕವನ್ನು ಹೊಂದಿಸಿಬಿಟ್ಟರೆ ಆಗದೇ ಎಂದು ಕೇಳಬಹುದು. ಆ ತೂಕವು ಪಿಸ್ಟನ್ನಿನಂತೆ ಮೇಲೆ ಕೆಳಗೆ ಮಾತ್ರ ಓಡಾಡುವುದಿಲ್ಲ, ಸುತ್ತ ತಿರುಗುತ್ತದೆ. ಆದ್ದರಿಂದ ಮೇಲೆ ಕೆಳಗಿನ ಕುಲುಕನ್ನು ಅದು ಎಷ್ಟು ನುಂಗುವುದೋ ಅಷ್ಟೇ ಕುಲುಕನ್ನು ಹಿಂದೆ ಮುಂದೆ ಹುಟ್ಟಿಸುತ್ತದೆ. ಹಿಂದಿನ ಎಂಜಿನಿಯರರು ಅರ್ಧಕ್ಕಿಷ್ಟು ಹೆಚ್ಚುಕಡಿಮೆ ತೂಕ ಹಾಕಿ, ಉಳಿದ ಕುಲುಕನ್ನು ಎರಡು ದಿಕ್ಕುಗಳಿಗೆ ಹಂಚಿಬಿಡುತ್ತಿದ್ದರು. ಇದನ್ನು ಗಮನಿಸಿದರೆ 'ಅಸಮತೋಲಿತ' ಎಂಬ ಹೆಸರೇ ಅಷ್ಟು ಸರಿಯಲ್ಲವೆಂದು ತಿಳಿಯುತ್ತದೆ. ಅದು ಅರೆ ಸಮತೋಲಿತ. ಸಮತೋಲಿತವೆಂಬ ಎಂಜಿನಿನಲ್ಲಿ ಕ್ರ್ಯಾಂಕಿಗೆ ಹಲ್ಲುಚಕ್ರದಿಂದ ಜೋಡಿಸಿದ, ತೂಕವುಳ್ಳ ಇನ್ನೊಂದು ದಂಡವು ಅಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಂದು ತೂಕ ಮುಂದಕ್ಕೆ ಎಳೆದಾಗ ಇನ್ನೊಂದು ಹಿಂದಕ್ಕೆ ಎಳೆಯುವುದರಿಂದ ಆ ಎರಡು ಸೆಳೆತಗಳು ಪರಸ್ಪರ ಅಳಿದು, ಮೇಲೆ ಕೆಳಗಿನ ಬಲ ಮಾತ್ರ ಉಳಿದು ಪಿಸ್ಟನ್ನಿಗೆ ಎದುರಾಗುತ್ತದೆ. ಆದರೂ ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಹುಟ್ಟುವ ಸಣ್ಣ ನಡುಕವೊಂದು ಉಳಿದೇ ಉಳಿಯುತ್ತದೆ. ಎಂದರೆ ಇದೂ ಪೂರ್ಣ ಸಮತೋಲಿತವಲ್ಲ. ವ್ಯವಹಾರದಲ್ಲಿ ರೂಢವಾದ ಹೆಸರುಗಳನ್ನು ಬಿಡಲಾಗದ್ದರಿಂದ ನಾವೂ ಅವನ್ನೇ ಬಳಸುತ್ತೇವೆ.

ಈ ಸಮಸ್ಯೆಯು ಹುಬ್ಬಳ್ಳಿಗೆ ಮೋಟಾರು ಸೈಕಲ್ಲಿನೊಡನೆ ಬಂದುದಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯು ೧೮೮೦ರ ದಶಕದಲ್ಲಿ ಇಲ್ಲಿ ಸ್ಥಾಪಿತವಾದಂದಿನಿಂದಲೂ ಅದು ಈ ಊರಿನ ಕಸುಬಿನೊಳಗೆ ಇತ್ತು. ಉಗಿ ಎಂಜಿನಿಗೂ ಪಿಸ್ಟನ್ನುಗಳುಂಟು. ಅವು ಅಡ್ಡಲಾಗಿ ಓಡಾಡಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತವೆ. ಅದನ್ನು ತಡೆಯಲು ಚಾಲಕ ಚಕ್ರಗಳಿಗೆ ಅರ್ಧಚಂದ್ರಾಕಾರದ ತೂಕ ಕೂಡಿಸುತ್ತಿದ್ದರು. ತೂಕ ಹೆಚ್ಚಾದಷ್ಟೂ ಗಾಡಿಯ ಜಗ್ಗಾಟ ಕಡಿಮೆಯಾಗುತ್ತಿತ್ತು, ಆದರೆ ಚಕ್ರವು ಪ್ರತಿ ಸುತ್ತಿಗೂ ಹಳಿಯನ್ನು ಸುತ್ತಿಗೆಯಂತೆ ಬಡಿಯುತ್ತಿತ್ತು. ಸವಾರನ ಸುಖಕ್ಕೆ ಹಳಿಯೂ ಸೇತುವೆಯೂ ಬೆಲೆ ತೆರಬೇಕಾಗುತ್ತಿತ್ತು. ಎಷ್ಟು ತೂಕ ಹಾಕಬೇಕೆಂಬುದನ್ನು ಎಂಜಿನು ಮಾಡುವವನೊಬ್ಬನೇ ನಿರ್ಧರಿಸುವಂತಿರಲಿಲ್ಲ, ಹಳಿ ಹಾಕಿದವನ ಮಾತೂ ನಡೆಯಬೇಕಿತ್ತು.

ಸುತ್ತಲಿನ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಯನ್ನು ನಡೆಸುತ್ತಿದ್ದ ಒಂಟಿ ಸಿಲಿಂಡರಿನ ಎಣ್ಣೆ ಎಂಜಿನುಗಳದು ಇದಕ್ಕೆ ವಿರುದ್ಧವಾದ ಸ್ಥಿತಿ. ದೊಡ್ಡ ಚಕ್ರ, ಮಂದವಾದ ಓಟ, ಭಾರವಾದ ಪಿಸ್ಟನ್ನು. ಅವಕ್ಕೆ ಸಮತೋಲನ ದಂಡವನ್ನು ಯಾರೂ ಬಯಸಲಿಲ್ಲ, ಏಕೆಂದರೆ ಅವು ಕಾಂಕ್ರೀಟಿನ ಕಟ್ಟೆಗೆ ಬಿಗಿದವು. ಕುಲುಕನ್ನು ಭೂಮಿಯೇ ನುಂಗುತ್ತಿತ್ತು. ನಡುಕವು ಮುಚ್ಚಳದ ನಟ್ಟುಗಳಿಗಷ್ಟೇ ಗೊತ್ತು. ಉಗಿ ಎಂಜಿನಿಗೆ ಹಳಿಯ ಮಿತಿ, ಗಿರಣಿಯ ಎಂಜಿನಿಗೆ ನೆಲದ ಆಸರೆ. ಮೋಟಾರು ಸೈಕಲ್ಲಿಗಾದರೋ ನೆಲದ ಆಸರೆಯೂ ಇಲ್ಲ, ಹತ್ತಾರು ಟನ್ನಿನ ತೂಕವೂ ಇಲ್ಲ. ಅದರ ಎಂಜಿನಿನ ಮೇಲೆ ಮನುಷ್ಯನೇ ಕುಳಿತಿರುತ್ತಾನೆ.

ಸ್ವತಂತ್ರ ಭಾರತದ ಸೇನೆಯು ಗಡಿ ಕಾಯಲು ಬುಲೆಟ್ ಗಾಡಿಯನ್ನು ಆರಿಸಿಕೊಂಡ ಮೇಲೆ, ೧೯೫೫ರಲ್ಲಿ ಇಂಗ್ಲೆಂಡಿನ ರೆಡಿಚ್ಚಿನ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಮದ್ರಾಸ್ ಮೋಟರ್ಸ್ ಸಂಸ್ಥೆಯೂ ಕೂಡಿ ಎನ್‌ಫೀಲ್ಡ್ ಇಂಡಿಯಾ ಕಂಪನಿಯನ್ನು ಕಟ್ಟಿದವು. ಕನ್ನಡನಾಡಿನಲ್ಲಿಯೇ ಇಂಥ ಉದ್ಯಮವು ತಲೆಯೆತ್ತಿದ್ದು ಮೈಸೂರಿನಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಅನುಮತಿ ಪಡೆದ ಐಡಿಯಲ್ ಜಾವಾ ಸಂಸ್ಥೆಯು ಯಾದವಗಿರಿಯ ಕಾರ್ಖಾನೆಯಲ್ಲಿ ೧೯೬೧ರಿಂದ ಗಾಡಿಗಳನ್ನು ತಯಾರಿಸಿತು; ಆಗ ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. ೧೯೭೩ರಿಂದ ಗಾಡಿಗೆ ಯೆಜ್ದಿ ಎಂಬ ಹೆಸರು ಬಂದಿತು, ೧೯೭೮ರಲ್ಲಿ ರೋಡ್‌ಕಿಂಗ್ ಬಂದಿತು, ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ಎರಡು ಹೊಗೆಕೊಳವೆಗಳನ್ನು ಕಂಡು ಜಾವಾ ಗಾಡಿಗೆ ಎರಡು ಸಿಲಿಂಡರುಗಳಿವೆಯೆಂದು ನಂಬಿದವರುಂಟು. ೨೫೦ರ ಜಾವಾಕ್ಕೆ ಇದ್ದುದು ಒಂದೇ ಸಿಲಿಂಡರು, ವ್ಯಾಸ ೬೫ ಮಿಲಿಮೀಟರು, ಓಟ ೭೫.

ಬುಲೆಟ್ಟಿಗಾಗಲಿ ಜಾವಾಕ್ಕಾಗಲಿ ಸಮತೋಲನ ದಂಡವಿರಲಿಲ್ಲ. ಅವುಗಳ ಮಾರ್ಗ ಮಾತ್ರ ಬೇರೆಬೇರೆ. ಜಾವಾದ ಪಿಸ್ಟನ್ನು ಚಿಕ್ಕದು, ಓಟ ಗಿಡ್ಡ. ಅದು ಎರಡು ಹೊಡೆತದ ಎಂಜಿನಾದ್ದರಿಂದ ಪ್ರತಿ ಸುತ್ತಿಗೂ ಒಂದು ಸ್ಫೋಟವಾಗಿ ಎಳೆತವು ಹೆಚ್ಚು ಅವಿಚ್ಛಿನ್ನವಾಗಿ ತೋರುತ್ತಿತ್ತು. ಬುಲೆಟ್ಟು ನಾಲ್ಕು ಹೊಡೆತದ್ದು, ಎರಡು ಸುತ್ತಿಗೆ ಒಂದೇ ಸ್ಫೋಟ. ಸ್ಫೋಟಗಳ ನಡುವಿನ ತೆರಪನ್ನು ಭಾರವಾದ ಫ್ಲೈವ್ಹೀಲು ತುಂಬುತ್ತಿತ್ತು. ಕಡಿಮೆ ಸುತ್ತಿನಲ್ಲಿಯೇ ಹೆಚ್ಚು ಎಳೆಯುವ ಗುಣವಿದ್ದುದರಿಂದ ಸವಾರನು ಎಂಜಿನನ್ನು ಹೆಚ್ಚಿನ ಸುತ್ತಿಗೆ ಏರಿಸುವ ಪ್ರಸಂಗವೇ ಕಡಿಮೆ.

ಈಗ ಆ ಕಾಲದ ದಾರಿಯನ್ನು ನೋಡಬೇಕು. ೧೯೬೨ರಲ್ಲಿ ಹುಬ್ಬಳ್ಳಿ-ಧಾರವಾಡಗಳೆರಡೂ ಒಂದೇ ಮಹಾನಗರಪಾಲಿಕೆಯಾದವು. ವ್ಯಾಪಾರವೂ ರೈಲ್ವೆಯೂ ಅಲ್ಲಿ, ವಿಶ್ವವಿದ್ಯಾಲಯವೂ ಜಿಲ್ಲಾ ಕಚೇರಿಗಳೂ ಇಲ್ಲಿ. ನಡುವೆ ಸುಮಾರು ೨೦ ಕಿಲೋಮೀಟರು. ಉಣಕಲ್ಲು, ರಾಯಾಪುರ, ಸತ್ತೂರು, ನವಲೂರುಗಳ ಮೇಲೆ ಹಾದುಹೋಗುವ ಪಿ.ಬಿ. ರಸ್ತೆಯೇ ಪುಣೆ-ಬೆಂಗಳೂರುಗಳ ಹೆದ್ದಾರಿಯೂ ಆಗಿತ್ತು, ಚಕ್ಕಡಿಗಳ ದಾರಿಯೂ ಆಗಿತ್ತು. ಲಾರಿ, ಬಸ್ಸು, ಚಕ್ಕಡಿ, ಸೈಕಲ್ಲುಗಳು ಒಂದೇ ಹರವಿನಲ್ಲಿ ಸಾಗುವ ರಸ್ತೆಯಲ್ಲಿ ಗಂಟೆಗೆ ೫೦ ಕಿಲೋಮೀಟರಿನ ವೇಗವು ಸಾಮಾನ್ಯನಿಗೆ ಸಾಕಾಗಿತ್ತು. ಆ ವೇಗದಲ್ಲಿ, ಮೇಲಿನ ಗೇರಿನಲ್ಲಿ, ಹಳೆಯ ಎಂಜಿನಿನ ಕುಲುಕು ಕೈಗೆ ಗೊತ್ತಾಗುತ್ತಿತ್ತೇ ಹೊರತು ಕೈಯನ್ನು ನೋಯಿಸುತ್ತಿರಲಿಲ್ಲ. ೨೦ ಕಿಲೋಮೀಟರು ಮುಗಿಯುವಷ್ಟರಲ್ಲಿ ಪ್ರಯಾಣವೂ ಮುಗಿಯುತ್ತಿತ್ತು. ಇಂಥ ದಾರಿಗೆ ಸಮತೋಲನ ದಂಡವನ್ನು ಕೂಡಿಸಿದ್ದರೆ ಬೆಲೆಯೂ ತೂಕವೂ ಹೆಚ್ಚುತ್ತಿದ್ದವು, ಬಿಚ್ಚಿ ಜೋಡಿಸುವ ಕೆಲಸ ಇಮ್ಮಡಿಸುತ್ತಿತ್ತು, ಪ್ರಯೋಜನವು ಅತ್ಯಲ್ಪವಾಗುತ್ತಿತ್ತು. ಅಸಮತೋಲಿತ ಎಂಜಿನನ್ನು ಅಜ್ಞಾನದ ಫಲವೆನ್ನುವವರು ಈ ದಾರಿಯನ್ನು ಮರೆಯುತ್ತಾರೆ.

ಉಪಾಯವಾದರೋ ಮೊದಲೇ ಗೊತ್ತಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಒಂದಕ್ಕೊಂದು ವಿರುದ್ಧ ತಿರುಗುವ ಎರಡು ಕ್ರ್ಯಾಂಕುಗಳ ಎಂಜಿನನ್ನು ತನ್ನ ಕಾರಿಗೆ ಅಳವಡಿಸಿದ್ದನು. ಮೋಟಾರು ಸೈಕಲ್ಲಿಗೆ ಅಂಥ ಉಪಾಯವು ವ್ಯಾಪಕವಾಗಿ ಬಂದದ್ದು ೧೯೭೦ರ ದಶಕದಲ್ಲಿ, ಜಪಾನಿನಿಂದ. ಮೊದಲ ಯತ್ನಗಳಲ್ಲಿ ಎಲ್ಲವೂ ಸುಖಾಂತವಾಗಲಿಲ್ಲ. ಯಮಾಹಾ ಕಂಪನಿಯ ಟಿಎಕ್ಸ್ ೭೫೦ ಗಾಡಿಯಲ್ಲಿ ಸಮತೋಲನದ ತೂಕಗಳು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸಿ ತೊಂದರೆ ಕೊಟ್ಟವು. ಇಂಗ್ಲೆಂಡಿನ ನಾರ್ಟನ್ ಕಂಪನಿಯು ೧೯೬೭ರಲ್ಲಿ ಬೇರೆಯೇ ದಾರಿ ಹಿಡಿದಿತ್ತು. ಎಂಜಿನು ಕುಲುಕುವುದಾದರೆ ಕುಲುಕಲಿ, ಚೌಕಟ್ಟಿಗೂ ಅದಕ್ಕೂ ನಡುವೆ ರಬ್ಬರು ಇಡೋಣ ಎಂಬುದು ಅವರ ವಿಚಾರ.

ದಂಡ, ರಬ್ಬರು ಎಂಬ ಈ ಎರಡು ಉತ್ತರಗಳು ಒಂದೇ ಕಂಪನಿಯ ಒಂದೇ ಕಾಲದ ಗಾಡಿಗಳಲ್ಲಿ ಎದುರುಬದುರು ನಿಂತ ಪ್ರಸಂಗವೊಂದಿದೆ. ಅಮೆರಿಕೆಯ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಎಂಜಿನುಗಳಲ್ಲಿ ಎರಡು ಸಿಲಿಂಡರುಗಳು ೪೫ ಅಂಶದ ಕೋನದಲ್ಲಿ ನಿಂತು ಒಂದೇ ಕ್ರ್ಯಾಂಕ್ ಪಿನ್ನಿಗೆ ಜೋಡಿಸಿರುತ್ತವೆ. ಈ ಕೋನವು ೯೦ ಅಂಶವಾಗಿದ್ದರೆ ಕ್ರ್ಯಾಂಕಿನ ಎದುರುತೂಕದಿಂದಲೇ ಮುಖ್ಯ ಕುಲುಕನ್ನು ಅಳಿಸಬಹುದಾಗಿತ್ತು. ೪೫ರಲ್ಲಿ ಅದು ಸಾಧ್ಯವಿಲ್ಲ. ೧೯೮೦ರ ಟೂರ್ ಗ್ಲೈಡ್ ಗಾಡಿಯಲ್ಲಿ ಆ ಕಂಪನಿಯು ರಬ್ಬರಿನ ಆಸರೆಯನ್ನು ತಂದಿತು. ಆದರೆ ೧೯೮೪ರ ಸಾಫ್ಟ್‌ಟೇಲ್ ಗಾಡಿಯಲ್ಲಿ, ಹಿಂಬದಿಯ ಸ್ಪ್ರಿಂಗುಗಳನ್ನು ಮರೆಮಾಡಿ ಹಳೆಯ ಗಟ್ಟಿ ಚೌಕಟ್ಟಿನ ರೂಪವನ್ನು ಉಳಿಸಿಕೊಳ್ಳುವ ಆಸೆಯಿಂದ, ಎಂಜಿನನ್ನು ಚೌಕಟ್ಟಿಗೆ ನೇರವಾಗಿ ಬಿಗಿದರು. ೧೯೯೯ರ ಮಾದರಿಗಳೊಡನೆ ಟ್ವಿನ್ ಕ್ಯಾಮ್ ೮೮ ಎಂಬ ಹೊಸ ಎಂಜಿನು ಬಂದಾಗ ಅದು ರಬ್ಬರಿನ ಆಸರೆಯುಳ್ಳ ಡೈನಾ ಮತ್ತು ಪ್ರವಾಸಿ ಗಾಡಿಗಳಿಗೆ ಮಾತ್ರ ಸಂದಿತು. ಬಿಗಿಯಾಗಿ ಕೂರಿಸಬೇಕಾದ ಸಾಫ್ಟ್‌ಟೇಲಿಗಾಗಿ ೨೦೦೦ದ ಮಾದರಿಯಲ್ಲಿ ಎರಡು ಸಮತೋಲನ ದಂಡಗಳುಳ್ಳ ೮೮-ಬಿ ಎಂಬ ಎಂಜಿನು ಬೇರೆಯಾಗಿಯೇ ಬಂದಿತು. ಕೊಳ್ಳುವವರು ಎರಡರಲ್ಲಿ ಯಾವುದು ಉತ್ತಮವೆಂದು ಇಂದಿಗೂ ವಾದಿಸುವುದುಂಟು. ಕಂಪನಿಯ ಮುಂದಿದ್ದ ಪ್ರಶ್ನೆಯಾದರೋ ಅದಲ್ಲ, ಯಾವ ಪೀಠಕ್ಕೆ ಯಾವುದು ಎಂಬುದು. ನಿಂತಲ್ಲಿ ನಿಂತಾಗ ಡೈನಾದ ಎಂಜಿನು ಚೌಕಟ್ಟಿನೊಳಗೆ ಕಣ್ಣಿಗೆ ಕಾಣುವಂತೆ ತೂಗಾಡುತ್ತದೆ. ಓಟ ಹತ್ತಿದೊಡನೆ ರಬ್ಬರು ಆ ತೂಗಾಟವನ್ನು ನುಂಗುತ್ತದೆ. ೮೮-ಬಿ ನಿಂತಾಗಲೂ ಶಾಂತ, ಓಡುವಾಗಲೂ ಶಾಂತ. ಆದರೆ ಹೆಚ್ಚಿನ ತೂಕವನ್ನು ಸದಾ ತಿರುಗಿಸುತ್ತಿರಬೇಕು.

೨೦೧೭ರ ಮಾದರಿಗಳೊಡನೆ ಬಂದ ಮಿಲ್ವಾಕಿ-ಎಯ್ಟ್ ಎಂಜಿನಿನಲ್ಲಿ ರಬ್ಬರಿನ ಮೇಲೆ ಕೂರುವ ಪ್ರವಾಸಿ ಗಾಡಿಗಳಿಗೂ ಒಂದು ಸಮತೋಲನ ದಂಡ ದೊರೆಯಿತು. ಸ್ವಾರಸ್ಯವೆಂದರೆ, ಮುಖ್ಯ ಕುಲುಕಿನ ಮುಕ್ಕಾಲು ಭಾಗವನ್ನು ಮಾತ್ರ ಅಳಿಸಿ ಕಾಲು ಭಾಗವನ್ನು ಬೇಕೆಂದೇ ಉಳಿಸಲಾಯಿತು. ಒಂದು ಕಾಲಕ್ಕೆ ದೋಷವಾಗಿದ್ದುದು ಇನ್ನೊಂದು ಕಾಲಕ್ಕೆ ಮಾರಾಟದ ಸರಕಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾವು ಕಾಣೆವು.

ನಮ್ಮ ದೇಶದ ಸಂಗತಿಗೆ ಮರಳೋಣ. ಎನ್‌ಫೀಲ್ಡ್ ಕಂಪನಿಯು ೨೦೦೨ರಲ್ಲಿ ಥಂಡರ್‌ಬರ್ಡ್ ಎಂಬ ಕ್ರೂಸರ್ ಗಾಡಿಯನ್ನು ತಂದಿತು. ಎಂಜಿನು ಅಲ್ಯುಮಿನಿಯಮಿನದು, ಆಸ್ಟ್ರಿಯಾದ ಏವಿಎಲ್ ಸಂಸ್ಥೆಯ ನೆರವಿನಿಂದ ರೂಪಗೊಂಡದ್ದು. ಕೆಲವು ವರ್ಷಗಳ ಮೇಲೆ ಗೇರುಪೆಟ್ಟಿಗೆಯನ್ನೂ ಎಂಜಿನನ್ನೂ ಒಂದೇ ಕವಚದಲ್ಲಿಟ್ಟ ಇನ್ನೊಂದು ಎಂಜಿನು ಬಂದಿತು. ಹೀಗೆ ಎರಡು ಸಲ ಎಂಜಿನು ಹೊಸದಾದರೂ ೯೦ ಮಿಲಿಮೀಟರಿನ ಉದ್ದ ಓಟವು ಹಾಗೆಯೇ ಉಳಿಯಿತು, ಸಮತೋಲನ ದಂಡವು ಬರಲಿಲ್ಲ. ೨೦೧೨ರಲ್ಲಿ ಬಂದ ಥಂಡರ್‌ಬರ್ಡ್ ೫೦೦ರಲ್ಲಿ ಅದೇ ಓಟಕ್ಕೆ ೮೪ ಮಿಲಿಮೀಟರಿನ ದೊಡ್ಡ ಪಿಸ್ಟನ್ನು ಸೇರಿತು. ಹೊರಳುವ ಭಾರ ಹೆಚ್ಚಾದುದರಿಂದ ಹೆಚ್ಚಿನ ವೇಗದಲ್ಲಿ ಕುಲುಕೂ ಹೆಚ್ಚಾಯಿತು. ಆ ಕಂಪನಿಯಲ್ಲಿ ೨೦೧೬ರ ಹಿಮಾಲಯನ್ ಗಾಡಿಗೂ ೨೦೧೮ರ ೬೫೦ರ ಜೋಡಿ ಸಿಲಿಂಡರಿನ ಗಾಡಿಗಳಿಗೂ ದಂಡ ದೊರೆತ ಮೇಲೆ, ೨೦೨೦ರ ನವೆಂಬರಿನಲ್ಲಿ ಥಂಡರ್‌ಬರ್ಡಿನ ಸ್ಥಾನಕ್ಕೆ ಮಿಟಿಯರ್ ೩೫೦ ಬಂದಿತು. ಅದರ ಸಿಲಿಂಡರಿನ ವ್ಯಾಸ ೭೨ ಮಿಲಿಮೀಟರು, ಓಟ ೮೫.೮, ಕವಚದೊಳಗೆ ಸಮತೋಲನ ದಂಡ. ೨೦೨೧ರಲ್ಲಿ ಕ್ಲಾಸಿಕ್ ಗಾಡಿಯೂ ೨೦೨೩ರಲ್ಲಿ ಬುಲೆಟ್ಟೂ ಅದೇ ಎಂಜಿನನ್ನು ಪಡೆದವು.

ಈ ಬದಲಾವಣೆಯು ೨೦೨೦ರಲ್ಲಿಯೇ ಏಕಾಯಿತು? ಆ ವರ್ಷದ ಏಪ್ರಿಲಿನಿಂದ ಜಾರಿಗೆ ಬಂದ ಹೊಗೆಯ ಹೊಸ ನಿಯಮಗಳೇ ಕಾರಣವೆಂದು ಕೆಲವರು ಹೇಳುತ್ತಾರೆ. ಈ ಕಾರಣವು ಸಾಲದು, ಏಕೆಂದರೆ ಹಳೆಯ ಅಸಮತೋಲಿತ ಎಂಜಿನೇ ಆ ವರ್ಷದ ಆರಂಭದಲ್ಲಿ ಇಂಧನ ಚಿಮ್ಮಿಸುವ ಹೊಸ ಏರ್ಪಾಡಿನೊಡನೆ ಆ ನಿಯಮಗಳನ್ನು ದಾಟಿ ಕ್ಲಾಸಿಕ್ ಗಾಡಿಯಲ್ಲಿ ಮಾರಾಟವಾಗಿತ್ತು. ಪ್ರತಿಸ್ಪರ್ಧೆಯು ಒಂದು ಕಾರಣವಿರಬಹುದು. ಹೋಂಡಾ ಕಂಪನಿಯ ಸಿಬಿ ೩೫೦ ಸಮತೋಲನ ದಂಡದೊಡನೆ ಅದೇ ವರ್ಷದ ಸೆಪ್ಟಂಬರಿನಲ್ಲಿ ಪ್ರಕಟವಾಯಿತು. ಆದರೆ ಎರಡು ಕಂಪನಿಗಳು ಕೆಲವೇ ವಾರಗಳ ಅಂತರದಲ್ಲಿ ಒಂದೇ ಉತ್ತರವನ್ನು ತಂದರೆ, ಅವುಗಳ ಮುಂದೆ ಒಂದೇ ಪ್ರಶ್ನೆಯಿತ್ತೆಂದು ಊಹಿಸುವುದು ಯುಕ್ತವಾಗಿದೆ. ಆ ಪ್ರಶ್ನೆಯನ್ನು ಕೇಳಿದುದು ರಸ್ತೆ ಎಂಬುದು ನಮ್ಮ ಅಭಿಪ್ರಾಯ.

ಸುವರ್ಣ ಚತುಷ್ಪಥ ಯೋಜನೆಯಲ್ಲಿ ಚೆನ್ನೈ-ಮುಂಬಯಿ ಹೆದ್ದಾರಿಯು ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಯಿತು. ಹಳೆಯ ರಾಷ್ಟ್ರೀಯ ಹೆದ್ದಾರಿ ೪ ಈಗ ೪೮ನೆಯದಾಗಿದೆ. ಧಾರವಾಡದಿಂದ ಬೆಳಗಾವಿಗೆ, ಹುಬ್ಬಳ್ಳಿಯಿಂದ ಹಾವೇರಿ ದಾವಣಗೆರೆಗಳಿಗೆ ರಸ್ತೆಯು ಅಗಲವಾಗಿ, ನಡುವೆ ವಿಭಾಜಕ ಬಂದು, ತಾಸುಗಟ್ಟಲೆ ೯೦-೧೦೦ ಕಿಲೋಮೀಟರಿನ ವೇಗವನ್ನು ಕಾಯ್ದುಕೊಂಡು ಹೋಗುವುದು ಸಾಮಾನ್ಯ ಸವಾರನಿಗೂ ಸಾಧ್ಯವಾಯಿತು. ಹಿಂದೆ ೫೦ರಲ್ಲಿ ಓಡುತ್ತಿದ್ದ ಎಂಜಿನು ಅದೇ ಗೇರಿನಲ್ಲಿ ೧೦೦ರಲ್ಲಿ ಓಡಿದರೆ ಕುಲುಕು ನಾಲ್ಮಡಿಯಾಗುತ್ತದೆ. ಹೊತ್ತೂ ಇಪ್ಪತ್ತು ನಿಮಿಷದ್ದಲ್ಲ, ನಾಲ್ಕು ತಾಸಿನದು. ಎಂಜಿನು ಕೆಟ್ಟದಾಗಲಿಲ್ಲ, ಅದು ಒಪ್ಪಿಕೊಂಡಿದ್ದ ದಾರಿಯೇ ಅದರ ಅಡಿಯಿಂದ ಸರಿದುಹೋಯಿತು.

ಅವಳಿ ನಗರದ ವಿಶೇಷವೊಂದನ್ನು ಇಲ್ಲಿ ಹೇಳಬೇಕು. ಎರಡೂ ಕಡೆಗಳಲ್ಲಿ ಹೆದ್ದಾರಿಯು ಅಗಲವಾದರೂ ಹುಬ್ಬಳ್ಳಿ-ಧಾರವಾಡದ ಬಳಸುದಾರಿ ಮಾತ್ರ ಬಹುಕಾಲ ಎರಡೇ ಪಥದ್ದಾಗಿ, ಅಪಘಾತಗಳಿಗೆ ಕುಪ್ರಸಿದ್ಧವಾಗಿ ಉಳಿಯಿತು. ೨೦೨೧ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ದಾವಣಗೆರೆಯ ಮಹಿಳೆಯರು ಪ್ರಾಣ ಕಳೆದುಕೊಂಡ ದುರಂತವು ಇನ್ನೂ ಜನರ ನೆನಪಿನಲ್ಲಿದೆ. ಅಗಲೀಕರಣಕ್ಕೆ ೨೦೨೨ರಲ್ಲಿ ಶಂಕುಸ್ಥಾಪನೆಯಾಯಿತು. ಊರೊಳಗಿನ ಪಿ.ಬಿ. ರಸ್ತೆಯಲ್ಲಿ ತ್ವರಿತ ಬಸ್ಸಿನ ಮಾರ್ಗವು ೨೦೨೦ರ ಹೊತ್ತಿಗೆ ಸಿದ್ಧವಾಗಿ, ಉಳಿದ ವಾಹನಗಳು ಪಕ್ಕದ ಪಥಗಳಲ್ಲಿ ದೀಪದಿಂದ ದೀಪಕ್ಕೆ ನಿಂತು ಸಾಗಬೇಕಾಯಿತು. ಎಂದರೆ ಒಬ್ಬನೇ ಸವಾರನು ಒಂದೇ ಬೆಳಗಿನಲ್ಲಿ ಎರಡು ಯುಗಗಳ ದಾರಿಗಳನ್ನು ತುಳಿಯುತ್ತಾನೆ. ಉಣಕಲ್ಲಿನಿಂದ ಸತ್ತೂರಿನವರೆಗೆ ಹಳೆಯ ಎಂಜಿನಿನ ದಾರಿ. ಧಾರವಾಡ ದಾಟಿ ಕಿತ್ತೂರಿನತ್ತ ಹೊರಟರೆ ಹೊಸ ಎಂಜಿನಿನ ದಾರಿ.

ಇನ್ನು ಎರಡನೆಯ ಪಕ್ಷದವರ ಮಾತು. ಸಮತೋಲನ ದಂಡವು ಬುಲೆಟ್ಟಿನ ಪರಿಚಿತ ನಾದವನ್ನು ಕೊಂದಿತೆಂಬ ದೂರು ವ್ಯಾಪಕವಾಗಿದೆ. ಇಲ್ಲಿ ಎರಡು ಬೇರೆ ವಸ್ತುಗಳನ್ನು ಒಂದೆಂದು ಭಾವಿಸಲಾಗಿದೆ. ನಾದವು ಹುಟ್ಟುವುದು ಸ್ಫೋಟಗಳ ಅಂತರದಿಂದ. ಕುಲುಕು ಹುಟ್ಟುವುದು ಭಾರದ ಓಡಾಟದಿಂದ. ಒಂಟಿ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನಿನಲ್ಲಿ ದಂಡವಿರಲಿ ಇಲ್ಲದಿರಲಿ ಎರಡು ಸುತ್ತಿಗೆ ಒಂದೇ ಸ್ಫೋಟ. ದಂಡವು ಆ ಅಂತರವನ್ನು ಕೂದಲೆಳೆಯಷ್ಟೂ ಬದಲಿಸಲಾರದು. ಸದ್ದು ಬದಲಾಗಿದ್ದರೆ ಅದಕ್ಕೆ ಕಾರಣಗಳನ್ನು ಹೊಗೆಕೊಳವೆಯ ರಚನೆಯಲ್ಲಿ, ಸದ್ದಿನ ನಿಯಮಗಳಲ್ಲಿ, ಫ್ಲೈವ್ಹೀಲಿನ ಭಾರದಲ್ಲಿ, ನಿಂತಲ್ಲಿ ತಿರುಗುವ ವೇಗದಲ್ಲಿ ಹುಡುಕಬೇಕು. ಜನಸ್ಮೃತಿಯು ಕೈಯ ಅನುಭವವನ್ನೂ ಕಿವಿಯ ಅನುಭವವನ್ನೂ ಬೆಸೆದು ಒಂದು ಮಾಡಿದೆ. ಐತಿಹ್ಯಗಳನ್ನು ಪರಿಶೀಲಿಸುವಾಗ ಎರಡು ಕಾಲದ ಘಟನೆಗಳು ಒಂದೇ ರಾಜನ ಹೆಸರಿನಲ್ಲಿ ಕೂಡಿರುವುದನ್ನು ನಾವು ಕಾಣುತ್ತೇವಷ್ಟೆ; ಇದೂ ಅಂಥದೇ. ಆದರೆ ಸ್ಮೃತಿಯನ್ನು ಸುಳ್ಳೆಂದು ತಳ್ಳಿಬಿಡುವುದೂ ಸರಿಯಲ್ಲ. ಹಳೆಯ ಗಾಡಿಯನ್ನು ನಡೆಸಿದವನಿಗೆ ಎಂಜಿನಿನ ಆರೋಗ್ಯವು ಕೈಯಿಂದಲೇ ತಿಳಿಯುತ್ತಿತ್ತು. ಕುಲುಕಿನ ಲಯ ತಪ್ಪಿದರೆ ಎಲ್ಲೋ ಬೋಲ್ಟು ಸಡಿಲಾಗಿದೆಯೆಂದು ಅವನು ಗಾಡಿ ನಿಲ್ಲಿಸುತ್ತಿದ್ದನು. ಶಾಂತವಾದ ಎಂಜಿನು ಈ ಸೂಚನೆಯನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಕುಲುಕಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೇಳಬೇಕು. ಬಲ್ಬಿನ ತಂತಿಗಳು ಹರಿದವು, ಮಡ್‌ಗಾರ್ಡಿನ ಕಾಲುಗಳು ಸೀಳಿದವು, ನಂಬರು ಪಟ್ಟಿಗಳು ಉದುರಿದವು. ಇವು ಮಿಸ್ತ್ರಿಗೆ ಕೆಲಸ, ಮಾಲಿಕನಿಗೆ ಖರ್ಚು. ಆದರೆ ದಿನವೆಲ್ಲ ಗಾಡಿಯ ಮೇಲೆ ದುಡಿಯುವವನ ಬೆರಳುಗಳಿಗೆ ಬಿಡಿಭಾಗ ಸಿಗುವುದಿಲ್ಲ. ಕಂಪಿಸುವ ಉಪಕರಣ ಹಿಡಿದವರ ಬೆರಳುಗಳು ಜೋಮು ಹಿಡಿದು ಬಿಳಿಚುವ ರೋಗವನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ೧೯೧೮ರಲ್ಲಿಯೇ ಅಮೆರಿಕೆಯ ಇಂಡಿಯಾನಾ ಪ್ರಾಂತದ ಕಲ್ಲುಕುಟಿಗರಲ್ಲಿ ಗುರುತಿಸಿದ್ದಳು. ಮೋಟಾರು ಸೈಕಲ್ಲಿನ ಕುಲುಕು ಕಲ್ಲು ಕಡಿಯುವ ಯಂತ್ರದಷ್ಟು ಉಗ್ರವಲ್ಲವೆಂಬುದು ನಿಜ. ಆದರೂ ರಜೆಯ ದಿನ ಸವಾರಿ ಮಾಡುವವನು ಕುಲುಕನ್ನು ಹೊಗಳುವಷ್ಟು ಸಲೀಸಾಗಿ ದಿನಕ್ಕೆ ಎಂಟು ತಾಸು ಸರಕು ತಲುಪಿಸುವವನು ಹೊಗಳಲಾರನು.

ಹೀಗಿರಲು ಆಯ್ಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಬಹುದು. ಅವಳಿ ನಗರದೊಳಗೆ, ಊರಿನ ವೇಗದಲ್ಲಿ, ದಿನಕ್ಕೊಮ್ಮೆ ಹೋಗಿಬರುವವನಿಗೆ ಹಳೆಯ ಥ೦ಡರ್‌ಬರ್ಡಾಗಲಿ ಯೆಜ್ದಿಯಾಗಲಿ ಇಂದಿಗೂ ಅಯೋಗ್ಯವಲ್ಲ. ವಾರಕ್ಕೊಮ್ಮೆ ಬೆಳಗಾವಿಯ ದಾರಿಯನ್ನೋ ತಿಂಗಳಿಗೊಮ್ಮೆ ಸುಮಾರು ೪೦೦ ಕಿಲೋಮೀಟರಿನ ಬೆಂಗಳೂರು ದಾರಿಯನ್ನೋ ಹಿಡಿಯುವವನು, ಮತ್ತು ಗಾಡಿಯೇ ಹೊಟ್ಟೆಪಾಡಾಗಿರುವವನು, ಸಮತೋಲಿತ ಎಂಜಿನನ್ನೇ ಕೊಳ್ಳತಕ್ಕದ್ದು. ಇದರಲ್ಲಿ ನಮಗೆ ಸಂಶಯವಿಲ್ಲ. ದುರಸ್ತಿಯ ವಿಷಯದಲ್ಲಿ ಎಚ್ಚರವೊಂದು ಬೇಕು. ಸಮತೋಲನ ದಂಡದ ಹಲ್ಲುಚಕ್ರದ ಮೇಲೂ ಕ್ರ್ಯಾಂಕಿನ ಹಲ್ಲುಚಕ್ರದ ಮೇಲೂ ಗುರುತುಗಳಿರುತ್ತವೆ. ಎಂಜಿನನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಅವೆರಡೂ ಎದುರುಬದುರು ಕೂಡಬೇಕು. ಕೂಡದಿದ್ದರೆ ಕುಲುಕನ್ನು ಅಳಿಸಬೇಕಾದ ತೂಕವೇ ಕುಲುಕನ್ನು ಹೆಚ್ಚಿಸಿ, ಹಳೆಯ ಬುಲೆಟ್ಟೂ ಮೆತ್ತಗೆನಿಸುವಂತೆ ಮಾಡುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಕೊಳ್ಳುವವನು ಎಂಜಿನು ಒಮ್ಮೆಯಾದರೂ ತೆರೆದದ್ದುಂಟೇ, ತೆರೆದವರು ಯಾರು ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಕಂಪನಿಗಳ ಜಾಹೀರಾತುಗಳೂ ಮಾಲಿಕರ ಕೈಪಿಡಿಗಳೂ ಹೇಗೋ ಉಳಿಯುತ್ತವೆ. ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳ ಮೂಲೆಯಲ್ಲಿ ಬಿದ್ದಿರುವ ಸೀಳಿದ ಮಡ್‌ಗಾರ್ಡಿನ ಕಾಲು, ಉಜ್ಜಿಹೋದ ಬೋಲ್ಟು, ಮಿಸ್ತ್ರಿಯ ಲೆಕ್ಕದ ವಹಿಗಳು ಮಾತ್ರ ಮೋಡಿಕೆಯವನ ಪಾಲಾಗುತ್ತಿವೆ. ಯಾವ ಗಾಡಿ ಯಾವ ದಾರಿಯಲ್ಲಿ ಎಷ್ಟು ಕುಲುಕಿತೆಂಬುದಕ್ಕೆ ಆ ವಹಿಗಳಿಗಿಂತ ಹತ್ತಿರದ ಸಾಕ್ಷಿ ಬೇರೆ ಇಲ್ಲವಾದ್ದರಿಂದ, ಹಿಂದಿನ ಐವತ್ತು ವರ್ಷಗಳ ವಹಿಗಳನ್ನಾದರೂ ನಕಲು ಮಾಡಿಸಿ ವಿಭಾಗದ ಸಂಗ್ರಹದಲ್ಲಿ ಇಡುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.